ಕಾಕಿನಾಡದ ಅರ್ಧ ನೋಟು

ನನ್ನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಸೊಸೆಯಂದಿರು ನನ್ನೆದುರು ಸೀರೆಯ ನಿಜವಾದ ಬೆಲೆ ಹೇಳುವುದಿಲ್ಲ. ಬೇಡದವರು ಮನೆಗೆ ಬಂದಾಗ ಮಗ ಒಮ್ಮೆ ನನ್ನನ್ನು ಬಾಗಿಲಿಗೆ ಕಳಿಸಿ, ತಾನು ಮನೆಯಲ್ಲಿಲ್ಲ ಎಂದು ಹೇಳು ಅಂದ. ನಾನು ಹೋಗಿ, "ಒಳಗ ಅದಾನ್ರಿ, ಇಲ್ಲ ಅನ್ನು ಅಂದಾನ. ಬರ್ರಿ, ಕುಂದ್ರಿ" ಎಂದೆ. ಅಂದಿನಿಂದ ನನಗೆ ಬಾಗಿಲಿನ ಕೆಲಸ ತಪ್ಪಿತು. ಬಾಯಿಬಡಕಿ ಎಂಬ ಹೆಸರಿನ ಬಗ್ಗೆ ನನಗೇನೂ ಬೇಸರವಿಲ್ಲ. ಆದರೆ ನಾನು ಹುಟ್ಟಾ ಹೀಗಿರಲಿಲ್ಲ. ಒಂಬತ್ತು ವರ್ಷದವಳಿದ್ದಾಗ ಗುಟ್ಟು ಕಾಯುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ಹೊಸಪೇಟೆಯಲ್ಲಿ ಇರಲಿಲ್ಲ. ಅಪ್ಪ ಹೇಳಿದ ಒಂದು ಗುಟ್ಟನ್ನು ಎಂಟು ದಿನ ಮನೆಯಲ್ಲಿ ಒಬ್ಬರಿಗೂ ಬಿಟ್ಟುಕೊಡದೆ ಕಾಪಾಡಿದೆ. ಎಂಟನೆಯ ದಿನ ನಮ್ಮ ಅತ್ತಿ ಸತ್ತಳು.

ನಮ್ಮ ಮನೆ ಬೆಲ್ಲದ ವ್ಯಾಪಾರದವರ ಓಣಿಯಲ್ಲಿತ್ತು. ಮಣ್ಣಿನ ಮಾಳಿಗೆ, ಮೊಣಕಾಲೆತ್ತರದ ಕಟ್ಟೆ, ಒಳಗೆ ಹೋದರೆ ಉದ್ದನೆಯ ಪಡಸಾಲೆ. ಪಡಸಾಲೆಯ ಎಡಕ್ಕೆ ಬೆಲ್ಲದ ಕೋಣೆ, ಬಲಕ್ಕೆ ಅಪ್ಪನ ಕೋಣೆ, ಎದುರಿಗೆ ದೇವರ ಕೋಣೆ. ಹಿಂದೆ ಅಡುಗೆಮನೆ, ಅದರಾಚೆ ಹಿತ್ತಲು, ಹಿತ್ತಲ ಮೂಲೆಯಲ್ಲಿ ಕುಳ್ಳು ಒಟ್ಟುವ ಗುಡಿಸಲು. ಬೆಳಕೆಲ್ಲ ಮಾಳಿಗೆಯ ಬೆಳಕಿಂಡಿಗಳಿಂದ ಇಳಿಯಬೇಕು. ಅದು ಬಿದ್ದ ಜಾಗದಲ್ಲಿ ಅವ್ವ ಅಕ್ಕಿ ಆರಿಸುತ್ತಿದ್ದಳು, ಅತ್ತಿ ಕೌದಿ ಹೊಲಿಯುತ್ತಿದ್ದಳು, ಅಪ್ಪ ತನ್ನ ನೋಟುಗಳನ್ನು ಹಿಡಿದು ನೋಡುತ್ತಿದ್ದ. ಹೊತ್ತು ಸರಿದ ಹಾಗೆ ಬೆಳಕು ಸರಿಯುತ್ತಿತ್ತು, ಮೂವರೂ ತಮ್ಮ ತಮ್ಮ ಕೆಲಸ ಎಳೆದುಕೊಂಡು ಅದರ ಹಿಂದೆ ಸರಿಯುತ್ತಿದ್ದರು. ಜಾಗಕ್ಕಾಗಿ ಜಗಳವೂ ಆಗುತ್ತಿತ್ತು. ಜಗಳದಲ್ಲಿ ಯಾವಾಗಲೂ ಅವ್ವನೇ ಗೆಲ್ಲುತ್ತಿದ್ದಳು, ಏಕೆಂದರೆ ಅಕ್ಕಿಯಲ್ಲಿ ಕಲ್ಲು ಉಳಿದರೆ ಎಲ್ಲರ ಹಲ್ಲಿಗೂ ಸಿಗುತ್ತಿತ್ತು.

ಅಪ್ಪನ ನೋಟುಗಳೆಂದರೆ ಸಂತೆಯಲ್ಲಿ ನಡೆಯುವ ನೋಟುಗಳಲ್ಲ. ರಾಜನ ಮುಖ ಅಚ್ಚಾಗುವ ಮೊದಲು, ರಾಣಿಯ ಕಾಲದಲ್ಲಿ, ಸರ್ಕಾರ ಒಂದೊಂದು ಸೀಮೆಗೆ ಒಂದೊಂದು ಊರಿನ ಹೆಸರಿನ ನೋಟು ಹೊರಡಿಸುತ್ತಿತ್ತು. ಮದ್ರಾಸಿನದು, ಕಲ್ಲಿಕೋಟೆಯದು, ಕಾಕಿನಾಡದ್ದು, ಮುಂಬಯಿಯದು, ಕರಾಚಿಯದು, ಲಾಹೋರಿನದು, ರಂಗೂನಿನದು. ಕಾಕಿನಾಡದ ನೋಟನ್ನು ಲಾಹೋರಿಗೆ ಒಯ್ದರೆ ಅಲ್ಲಿನ ಖಜಾನೆಯವರು ಮುಖ ತಿರುಗಿಸುತ್ತಿದ್ದರಂತೆ. ಅಚ್ಚು ಒಂದೇ ಮಗ್ಗುಲಿಗೆ, ಹಿಂಬದಿ ಬೋಳು. ಬೆಳಕಿಗೆ ಹಿಡಿದರೆ ಕಾಗದದ ಒಳಗೆ ನೀರಿನ ಅಲೆಯಂಥ ಗೆರೆಗಳು ಕಾಣುತ್ತಿದ್ದವು. ನಮ್ಮ ಕಡೆಯ ನೋಟಿನಲ್ಲಿ ನಾಲ್ಕು ಭಾಷೆಯ ನಡುವೆ ಕನ್ನಡದಲ್ಲೂ ಮೊತ್ತ ಬರೆದಿರುತ್ತಿತ್ತು, ನಾನು ಅಕ್ಷರ ಕೂಡಿಸಿ ಓದಲು ಕಲಿತದ್ದು ಅದರಿಂದಲೇ. ಅಪ್ಪ ಇವುಗಳಿಗಾಗಿ ಬಳ್ಳಾರಿ, ಆದವಾನಿ ಎಲ್ಲ ಸುತ್ತಿದ್ದ. ಕಾಕಿನಾಡದಲ್ಲಿ ಅವನಂಥದೇ ಇನ್ನೊಬ್ಬ ಹುಚ್ಚನಿದ್ದ, ಇಬ್ಬರೂ ಕಾಗದ ಬರೆದುಕೊಂಡು ನೋಟು ಅದಲುಬದಲು ಮಾಡಿಕೊಳ್ಳುತ್ತಿದ್ದರು. ದೊಡ್ಡ ಪುಸ್ತಕವೊಂದರ ಹಾಳೆಗಳ ನಡುವೆ ನೋಟು, ನೋಟಿನ ಪಕ್ಕ ಒಣಗಿದ ಬೇವಿನೆಲೆ, ಎಲ್ಲ ಸೇರಿ ಒಂದು ತಗಡಿನ ಪೆಟ್ಟಿಗೆಯಲ್ಲಿ. ಇಲಿ ಎಂದರೆ ಅಪ್ಪನಿಗೆ ಮೊದಲಿನಿಂದಲೂ ಭಯ. ರೋಗದ ಭಯವಲ್ಲ, ನೋಟಿನ ಭಯ.

ಅವ್ವ ರೊಟ್ಟಿ ತಟ್ಟುತ್ತಲೇ ಒಳಗಿನಿಂದ ಕೇಳುತ್ತಿದ್ದಳು:

"ಏನ್ರಿ, ಅಷ್ಟು ನೋಟು ಅದಾವ, ಒಂದಾದ್ರೂ ಒಯ್ದು ಪುಂಡಿಪಲ್ಯದ ಒಂದು ಕಟ್ಟು ತಗೊಂಡು ಬರ್ರಿ ನೋಡೂಣು!"

ಅಪ್ಪ ನಗುತ್ತಿದ್ದ. ಮನೆಯಲ್ಲಿ ಅವನು ನಗುತ್ತಿದ್ದದ್ದೇ ಆ ಪುಸ್ತಕದ ಮುಂದೆ ಕೂತಾಗ.

ಅತ್ತಿ ಎಂದರೆ ಅಪ್ಪನ ಅಕ್ಕ ನೀಲಮ್ಮ. ನನ್ನನ್ನು ಹೆತ್ತವಳು ಅವ್ವ, ಸಾಕಿದವಳು ಅತ್ತಿ. ನನ್ನ ಹಣೆಗೆ ವಿಭೂತಿ ಹಚ್ಚುವವಳು ಅವಳು, ಜಡೆ ಹಾಕುವವಳು ಅವಳು, ಬಿಸಿರೊಟ್ಟಿಗೆ ಶೇಂಗಾಪುಡಿ, ಬೆಣ್ಣೆ ಸವರಿ ಸುರುಳಿ ಸುತ್ತಿ ಕೈಗೆ ಕೊಡುವವಳು ಅವಳು. ಓಣಿಯವರ ಹಳೆಯ ಸೀರೆ, ಧೋತರ ಎಲ್ಲ ಅವಳ ಹತ್ತಿರ ಬಂದು ಕೌದಿಯಾಗುತ್ತಿದ್ದವು. ನಮ್ಮ ಮನೆಯಲ್ಲಿ ಬಟ್ಟೆಯ ಚೂರನ್ನು ಯಾರೂ ಎಸೆಯುತ್ತಿರಲಿಲ್ಲ. ಕೌದಿ ಮುಗಿಸುವಾಗ ಕೊನೆಯ ಮೂಲೆಯಲ್ಲಿ ರೊಟ್ಟಿಯ ಒಂದು ತುಣುಕು ಇಟ್ಟು ಹೊಲಿಯುತ್ತಿದ್ದಳು. ಕೌದಿಗೂ ಹೊಟ್ಟೆ ಇರುತ್ತದೆ, ಹಸಿದ ಕೌದಿಯನ್ನು ಮಕ್ಕಳಿಗೆ ಹೊದಿಸಬಾರದು ಎನ್ನುತ್ತಿದ್ದಳು. ಆ ತುಣುಕು ಮುರಿದು ಕೊಡುವ ಕೆಲಸ ನನ್ನದು.

ಅತ್ತಿಯನ್ನು ಕಂಪ್ಲಿಗೆ ಕೊಟ್ಟಿದ್ದರು. ಮದುವೆಯಾಗಿ ಎರಡು ವರ್ಷವಾಗಿರಲಿಲ್ಲ, ಕಂಪ್ಲಿಯಲ್ಲಿ ಪ್ಲೇಗು ಬಿತ್ತು. ಅದಕ್ಕೆ ಸ್ವಲ್ಪ ಮೊದಲು ನನ್ನ ತಾತ, ಮಗಳಿಗೆ ಕಿವಿಯ ವಾಲೆ ಮಾಡಿಸಲೆಂದು ಅವಳ ಮಾವನಿಗೆ ಐವತ್ತರ ನೋಟೊಂದನ್ನು ಕಳಿಸಿದ್ದ. ಕಾಕಿನಾಡದ ನೋಟು. ಆಗ ಟಪಾಲಿನಲ್ಲಿ ಇಡೀ ನೋಟು ಕಳಿಸಲು ಯಾರಿಗೂ ಧೈರ್ಯವಿರಲಿಲ್ಲ. ನಡುವೆ ಕತ್ತರಿಸಿ ಮೊದಲು ಒಂದರ್ಧ ಕಳಿಸುವುದು, ಮುಟ್ಟಿತು ಎಂದು ಕಾಗದ ಬಂದ ಮೇಲೆ ಇನ್ನರ್ಧ ಕಳಿಸುವುದು. ಎರಡೂ ಅರ್ಧದ ಮೇಲೆ ಒಂದೇ ನಂಬರು ಇರುತ್ತಿತ್ತು, ಪಡೆದವರು ಹೊಂದಿಸಿ ಹಿಂದೆ ಕಾಗದ ಅಂಟಿಸಿದರೆ ನೋಟಿಗೆ ಮತ್ತೆ ಜೀವ. ತಾತ ಮೊದಲ ಅರ್ಧ ಕಳಿಸಿ ಉತ್ತರಕ್ಕೆ ಕಾಯುತ್ತ ಕೂತ. ಉತ್ತರ ಬರಲಿಲ್ಲ. ಒಂದು ದಿನ ಬಾಗಿಲ ಮುಂದೆ ಗಾಡಿ ನಿಂತಿತು, ಅದರಿಂದ ಅತ್ತಿ ಇಳಿದಳು. ಅವಳ ಕೈಯಲ್ಲಿ ಏನೂ ಇರಲಿಲ್ಲ. ಅದೇ ವಾರದಲ್ಲಿ ಅವಳ ಗಂಡನೂ ಮಾವನೂ ತೀರಿಕೊಂಡ ಸುದ್ದಿ ಬಂತು.

ಆ ಗಾಡಿಯ ಕತೆಯನ್ನು ಅತ್ತಿ ನನಗೆ ಎಷ್ಟು ಸಲ ಹೇಳಿದ್ದಳೋ. ಗಂಡ ಸತ್ತದ್ದನ್ನು ಹೇಳುವಾಗ ಅವಳು ಅಳುತ್ತಿರಲಿಲ್ಲ. ಕೌದಿಯ ಮಾತು ಬಂದಾಗ ಅಳುತ್ತಿದ್ದಳು.

"ಉಟ್ಟ ಸೀರಿ ಮ್ಯಾಲ ಗಾಡಿ ಹತ್ತಿಸಿದ ನಮ್ಮ ಮಾವ. ಗಂಡ ಜ್ವರ ಬಂದು ಮಲಗ್ಯಾನ, ನಾ ಹೋಗೂದಿಲ್ಲ ಅಂದೆ. ಕೇಳಲಿಲ್ಲ. ನನ್ನ ಕೌದಿ ಕಂಕುಳಾಗ ಇಟ್ಕೊಂಡಿದ್ದೆ, ಅದನ್ನೂ ಕಸಗೊಂಡ. ನಮ್ಮವ್ವನ ಕೆಂಪು ಸೆರಗಿತ್ತು ಅದರಾಗ. ಒಂದು ಕೌದಿಗೆ ಜೀವ ಬಿಟ್ಟ ನೋಡು. ಕಲ್ಲಿನಂಥಾ ಮನಷ್ಯಾ!"

ತಾತನ ಹತ್ತಿರ ಉಳಿದ ಅರ್ಧ ನೋಟು ದೇವರ ಕೋಣೆಯ ಗೂಡಿನಲ್ಲಿ ಒಂದು ಹಿತ್ತಾಳೆ ಡಬ್ಬಿ ಸೇರಿತು. ಉತ್ತರ ಬರುವ ತನಕ ಅದನ್ನು ಮನೆಯಿಂದ ಹೊರಗೆ ಹಾಕಬಾರದು ಎಂದು ತಾತ ಹೇಳಿದ್ದನಂತೆ. ಸತ್ತವರು ಉತ್ತರ ಬರೆಯುವುದೆಲ್ಲಿಂದ ಬಂತು? ಆದರೂ ಅದು ಅಲ್ಲೇ ಇತ್ತು. ಅಪ್ಪನಿಗೆ ಹಳೆಯ ನೋಟಿನ ಹುಚ್ಚು ಹಿಡಿದದ್ದು ಆ ಡಬ್ಬಿ ತೆರೆದ ದಿನ. ಆಮೇಲೆ ಅವನು ಎಷ್ಟೋ ನೋಟು ಸೇರಿಸಿದ, ರಂಗೂನಿನದೂ ಸಿಕ್ಕಿತು. ಕಾಕಿನಾಡದ ಐವತ್ತರ ನೋಟು ಮಾತ್ರ ಎಲ್ಲೂ ಸಿಗಲಿಲ್ಲ. ಕಾಕಿನಾಡದ ಗೆಳೆಯನ ಹತ್ತಿರವೂ ಅದಿರಲಿಲ್ಲ. ಇಡೀ ಪುಸ್ತಕದಲ್ಲಿ ಅಪ್ಪ ಒಂದು ಹಾಳೆ ಖಾಲಿ ಬಿಟ್ಟಿದ್ದ. ಹಬ್ಬಕ್ಕೆ ದೇವರ ಗೂಡು ಒರೆಸುವಾಗಲೆಲ್ಲ ಅತ್ತಿ ಆ ಡಬ್ಬಿಯನ್ನು ಸೆರಗಿನ ತುದಿಯಲ್ಲಿ ಹಿಡಿದು ಸರಿಸುತ್ತಿದ್ದಳು.

"ಇದನ್ನ ಹೊಳಿಗೆ ಹಾಕು ತಮ್ಮಾ. ಅರ್ಧಾ ಉಳಿದದ್ದು ಇನ್ನರ್ಧಾನ ಕರೀತೈತಿ."

"ನೀ ಸುಮ್ಕಿರಕ್ಕಾ, ಕಾಗದಕ್ಕೆಲ್ಲಿ ಬಾಯಿ ಇರ್ತೈತಿ" ಎನ್ನುತ್ತಿದ್ದ ಅಪ್ಪ.

ನನಗೆ ಒಂಬತ್ತು ತುಂಬಿದ ವರ್ಷ ಚಳಿಗಾಲಕ್ಕೆ ಮುಂಚೆ ಕಂಪ್ಲಿಯಲ್ಲಿ ಮತ್ತೆ ಪ್ಲೇಗಿನ ಇಲಿ ಸತ್ತು ಬಿದ್ದವು. ಹೊಸಪೇಟೆಯಲ್ಲಿ ಡಂಗುರ ಹೊಡೆಸಿದರು. ಕಂಪ್ಲಿಯ ಕಡೆಗೆ ಯಾರೂ ಹೋಗಬಾರದು, ಅಲ್ಲಿಂದ ಬಂದವರನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು, ಸತ್ತ ಇಲಿ ಕಂಡರೆ ಮುಚ್ಚಿಡಬಾರದು. ಡಂಗುರದವನು ನಮ್ಮ ಓಣಿಯಲ್ಲಿ ನಿಂತು ಕೂಗಿದಾಗ ಅತ್ತಿ ಸೂಜಿ ಕೆಳಗಿಟ್ಟಳು. ಆ ದಿನ ಅವಳು ಮತ್ತೆ ಅದನ್ನು ಎತ್ತಿಕೊಳ್ಳಲಿಲ್ಲ. ಬೆಲ್ಲದ ಕೋಣೆಯಲ್ಲಿ ಇಲಿ ಓಡಾಡಿದರೆ ಮೊದಲೆಲ್ಲ ಅವ್ವ ಬೈಯುತ್ತಿದ್ದಳು. ಈಗ ಸದ್ದು ಕೇಳಿದರೆ, ಸದ್ಯ ಇನ್ನೂ ಓಡಾಡುತ್ತಿವೆ ಎಂದು ಸಮಾಧಾನ ಪಡುವಂತಾಯಿತು.

ಹೀಗಿರುವಾಗ ಅಪ್ಪನಿಗೆ ಒಂದು ಕಾರ್ಡು ಬಂತು. ಬರೆದವನು ಅತ್ತಿಯ ಮೈದುನ ಚನ್ನಪ್ಪ, ಕಂಪ್ಲಿಯ ಆ ಮನೆಗೆ ಈಗ ಅವನೇ ಹಿರಿಯ. ತಾವೆಲ್ಲ ಊರು ಬಿಟ್ಟು ತೋಟದಲ್ಲಿ ಗುಡಿಸಲು ಹಾಕಿಕೊಂಡಿದ್ದೇವೆ, ಮನೆಗೆ ಬಿಸಿಲು ಬೀಳಲೆಂದು ಮಾಳಿಗೆ ಒಡೆಸಿದಾಗ ನಮ್ಮಪ್ಪನ ಕಾಲದಿಂದ ಮುಚ್ಚಿದ್ದ ಕೋಣೆಯಲ್ಲಿ ಅವನ ಕಾಗದಗಳ ಪೆಟ್ಟಿಗೆ ಸಿಕ್ಕಿದೆ, ನೀವು ಕೇಳುತ್ತಿದ್ದ ನೋಟಿನ ಅರ್ಧ ಅದರಲ್ಲಿ ಇದ್ದರೂ ಇರಬಹುದು, ರೋಗ ಹೋದ ಮೇಲೆ ಬಂದು ನೋಡಿರಿ. ಇಷ್ಟೇ ಇತ್ತು. ಕಾರ್ಡು ಓದಿದವಳು ನಾನು, ಅಪ್ಪನ ಮುಂದೆ. ಅವನು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಅಂಗಿಯ ಒಳಜೇಬಿಗೆ ಹಾಕಿದ. ರೋಗ ಹೋಗುವುದರೊಳಗೆ ಮುನ್ಸಿಪಾಲಿಟಿಯವರು ಹಳೆಯ ಸಾಮಾನೆಲ್ಲ ಸುಟ್ಟು ಹಾಕುತ್ತಾರೆ ಎಂಬುದೊಂದೇ ಅವನ ತಲೆಯಲ್ಲಿ ಕೂತಿತು. ಮೂರನೆಯ ದಿನ ಮುಂಜಾನೆ ಗಾಡಿ ಕಟ್ಟಿ, ಸಂಡೂರಿನಲ್ಲಿ ಯಾರದೋ ಮನೆಯಲ್ಲಿ ಹಳೆಯ ಕಾಗದ ಮಾರುತ್ತಾರಂತೆ, ಗೌರಿಯನ್ನೂ ಕರೆದುಕೊಂಡು ಹೋಗಿ ಬರುತ್ತೇನೆ ಎಂದ. ಮಗಳು ಜೊತೆಗಿದ್ದರೆ ದಾರಿಯಲ್ಲಿ ಯಾರೂ ಅನುಮಾನ ಪಡುವುದಿಲ್ಲ ಎಂದು ನನ್ನನ್ನು ಕರೆದೊಯ್ದದ್ದು. ಇದು ನನಗೆ ಗೊತ್ತಾದದ್ದು ಬಹಳ ವರ್ಷಗಳ ಮೇಲೆ. ಆ ದಿನ ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ.

ಊರು ದಾಟುವ ತನಕ ಸಂಡೂರಿನ ದಾರಿ ಹಿಡಿದ. ಕಬ್ಬಿನ ಹೊಲಗಳು ಮರೆಯಾದ ಮೇಲೆ ಬಸವಣ್ಣ ಕಾಲುವೆಯ ಏರಿಯ ಮೇಲೆ ಗಾಡಿ ತಿರುಗಿಸಿದ.

"ಅಪ್ಪಾ, ಸಂಡೂರು ಆ ಕಡೆ ಅಲ್ಲೇನು?"

"ಲೇ ಗೌರಿ, ನೀ ಶಾಣ್ಯಾಕಿ ಹೌದಲ್ಲೋ? ನಾವು ಕಂಪ್ಲಿಗೆ ಹೊಂಟೀವಿ. ಇದು ನಿನಗೂ ನನಗೂ ಅಷ್ಟs ಗೊತ್ತಿರಬೇಕು. ಯಾರು ಕೇಳಿದ್ರೂ ಸಂಡೂರಿಗೆ ಹೋಗಿದ್ವಿ ಅನ್ನು. ಅತ್ತಿ ಕೇಳಿದ್ರೂ ಅಷ್ಟs. ಕಂಪ್ಲಿ ಹೆಸರು ಕೇಳಿದ್ರ ಆಕಿ ಎದಿ ಒಡಕೋತಾಳ."

ಮಾತು ಕೊಟ್ಟೆ. ಅಪ್ಪ ನನ್ನನ್ನು ಶಾಣ್ಯಾಕಿ ಎಂದದ್ದು ಅದೇ ಮೊದಲು.

ಮೊದಲ ದಿನ ಕಮಲಾಪುರದಲ್ಲಿ ಉಳಿದೆವು. ಮರುದಿನ ಮಧ್ಯಾಹ್ನದ ಹೊತ್ತಿಗೆ ಕಂಪ್ಲಿ ಕಂಡಿತು. ಊರ ಹೊರಗಿನ ಬಾಳೆತೋಟದ ಅಂಚಿಗೆ ಜೋಳದ ದಂಟಿನ ಗುಡಿಸಲುಗಳು ಸಾಲಾಗಿದ್ದವು. ಒಂದರ ಮುಂದೆ ಚನ್ನಪ್ಪ ಮಾವ ನಿಂತಿದ್ದ. ಗಾಡಿ ಹತ್ತಿರ ಬರುವುದನ್ನು ನೋಡಿ ದೂರದಿಂದಲೇ ಎರಡೂ ಕೈ ಅಡ್ಡ ಮಾಡಿದ.

"ಈಗ್ಯಾಕ ಬಂದ್ರಿ? ರೋಗ ಹೋದ ಮ್ಯಾಲ ಬರ್ರಿ ಅಂತ ಬರದಿದ್ದೆ. ಕೂಸಿನ್ನ ಬ್ಯಾರೆ ಕರ್ಕೊಂಡು ಬಂದೀರಿ!"

"ಕೀಲಿ ಕೊಡ್ರಿ ಸಾಕು. ಹಿಂಗ ಹೋಗಿ ಹಂಗ ಬರ್ತೀನಿ."

ಬಹಳ ಹೊತ್ತು ವಾದವಾಯಿತು. ಕೊನೆಗೆ ಚನ್ನಪ್ಪ ಮಾವ ಕೀಲಿಯನ್ನು ನೆಲದ ಮೇಲೆ ಇಟ್ಟು ಹಿಂದೆ ಸರಿದ. "ಕಾಗದ ಅಷ್ಟs ಒಯ್ರಿ. ಬ್ಯಾರೆ ಏನೂ ಮುಟ್ಟಬ್ಯಾಡ್ರಿ" ಎಂದು ಮತ್ತೆ ಮತ್ತೆ ಹೇಳಿದ.

ಅಪ್ಪ ಊರ ಬಾಗಿಲ ಹತ್ತಿರದ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ, ಇಳಿಯಬೇಡ ಎಂದು ನನಗೆ ಹೇಳಿ, ಒಬ್ಬನೇ ಒಳಗೆ ಹೋದ. ನಾನು ಗಾಡಿಯಲ್ಲಿ ಕೂತು ಬೀದಿ ನೋಡಿದೆ. ಅಂಥ ಬೀದಿಯನ್ನು ನಾನು ಮತ್ತೆ ನೋಡಿಲ್ಲ. ಮನೆಗಳೆಲ್ಲ ಇದ್ದವು, ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಬಾಗಿಲುಗಳ ಮೇಲೆ ಡಾಂಬರಿನಲ್ಲಿ ರೋಗದ ಗುರುತು ಹಾಕಿದ್ದರು. ಒಂದು ಮನೆಯ ಮುಂದೆ ರಂಗೋಲಿ ಅರ್ಧಕ್ಕೆ ನಿಂತಿತ್ತು, ಮಳೆ ಗಾಳಿ ಇಲ್ಲದ್ದರಿಂದ ಅದು ಹಾಗೇ ಉಳಿದಿತ್ತು. ಮೇಲೆ ಹದ್ದುಗಳು ಸುತ್ತುತ್ತಿದ್ದವು. ಒಂದು ನಾಯಿಯೂ ಬೊಗಳಲಿಲ್ಲ. ನಮ್ಮ ಎತ್ತುಗಳು ಮುಂದಿಟ್ಟ ಮೇವಿಗೆ ಬಾಯಿ ಹಾಕಲಿಲ್ಲ. ನನಗೆ ಅಳು ಬಂತು, ಆದರೆ ಶಾಣ್ಯಾಕಿ ಎನಿಸಿಕೊಂಡವಳು ಅಳುವುದು ಹೇಗೆ ಎಂದು ಲಂಗದ ಅಂಚು ಕಚ್ಚಿಕೊಂಡು ಕೂತೆ. ಆಮೇಲೆ ಅಪ್ಪ ಬಂದ. ತಲೆಯ ಮೇಲೆ ಅಗಸರ ಹಾಗೆ ಒಂದು ಗಂಟು ಹೊತ್ತಿದ್ದ.

"ಪೆಟ್ಟಿಗಿ ಗೆದ್ದಲು ತಿಂದಿತ್ತು. ಎತ್ತಿದ್ರ ತಳಾನ ಉದುರಿತು. ಅಲ್ಲೇ ಬಿದ್ದಿದ್ದ ಹಳೇ ಕೌದ್ಯಾಗ ಕಟ್ಟೀನಿ."

ಗಂಟನ್ನು ಗಾಡಿಯ ಹಿಂಭಾಗಕ್ಕೆ ಹಗ್ಗದಿಂದ ಬಿಗಿದ. ಮುಟ್ಟಬೇಡ ಎಂದು ನನಗೆ ಕಣ್ಣು ಬಿಟ್ಟ. ಅಪ್ಪ ಅಜಾಗರೂಕನಾಗಿರಲಿಲ್ಲ, ಈ ಮಾತನ್ನು ಅವನ ಪರವಾಗಿ ಹೇಳಲೇಬೇಕು. ಕಮಲಾಪುರದ ಹತ್ತಿರ ಕಾಲುವೆಯಲ್ಲಿ ತಾನೂ ಮುಳುಗಿದ, ನನ್ನನ್ನೂ ಮುಳುಗಿಸಿದ. ಉಟ್ಟ ಬಟ್ಟೆ ಒಗೆದ. ಎತ್ತುಗಳ ಮೈ ತೊಳೆದ. ಗಾಡಿಯ ಚಕ್ರಕ್ಕೂ ನೀರು ಹಾಕಿದ. ಗಂಟಿಗೆ ಮಾತ್ರ ಒಂದು ಹನಿ ಸಿಡಿಯದ ಹಾಗೆ ನೋಡಿಕೊಂಡ, ಏಕೆಂದರೆ ಅದರಲ್ಲಿ ಕಾಗದವಿತ್ತು. ಅಲ್ಲಿಯೇ ಒಂದು ಬುಟ್ಟಿ ಸೀತಾಫಲ ಕೊಂಡ. ಸಂಡೂರಿನ ಗುಡ್ಡದಲ್ಲಿ ಸೀತಾಫಲ ಬಹಳ. ಬುಟ್ಟಿಯನ್ನು ನನ್ನ ತೊಡೆಯ ಮೇಲಿಟ್ಟ.

"ಒಯ್ದು ಅತ್ತಿ ಕೈಯಾಗ ಕೊಡು. ಸಂಡೂರಿನವು ಅನ್ನು."

ಮನೆ ಮುಟ್ಟಿದ ದಿನವೇ ಅತ್ತಿ ಹಣ್ಣು ಒಡೆದು ಬಾಯಿಗೆ ಹಾಕಿಕೊಂಡು, ಸಂಡೂರಿನ ಹಣ್ಣಿನ ರುಚಿಯೇ ಬೇರೆ ಎಂದಳು. ಅಪ್ಪ ಮಾಳಿಗೆಯ ಮೇಲೆ ಕಾಗದಗಳನ್ನೆಲ್ಲ ಹರವಿ, ಒಂದೊಂದರ ಮೇಲೂ ಕಲ್ಲು ಇಟ್ಟು ಬಿಸಿಲಿಗೆ ಬಿಟ್ಟ. ಬಿಸಿಲಿನಲ್ಲಿ ರೋಗ ಸಾಯುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಖಾಲಿಯಾದ ಕೌದಿಯನ್ನು ಸುಡಲೆಂದು ಒಯ್ದು ಕುಳ್ಳಿನ ಗುಡಿಸಲ ಮೂಲೆಯಲ್ಲಿ ಒತ್ತಿಟ್ಟ. ಮತ್ತೆ ಮೇಲೆ ಬಂದು ಕಾಗದ ತಿರುವಿ ಹಾಕುತ್ತಿದ್ದಾಗ ಮಡಿಸಿದ ಒಂದು ಹಾಳೆಯೊಳಗಿನಿಂದ ಅದು ಜಾರಿ ಬಿತ್ತು. ನೋಟಿನ ಅರ್ಧ. ಅಪ್ಪ ನನ್ನನ್ನು ದೇವರ ಕೋಣೆಗೆ ಓಡಿಸಿ ಡಬ್ಬಿ ತರಿಸಿದ. ಎರಡೂ ಅರ್ಧವನ್ನು ಹಲಗೆಯ ಮೇಲೆ ಪಕ್ಕಪಕ್ಕ ಇಟ್ಟ, ಕತ್ತರಿಯ ಅಂಚು ಅಂಚಿಗೆ ಕೂತಿತು. "ನಂಬರ ಓದು, ನಂಬರ ಓದು" ಎಂದ. ಓದಿದೆ. ಈ ಅರ್ಧದ ನಂಬರೇ ಆ ಅರ್ಧದ ನಂಬರು. ಅಪ್ಪ ನನ್ನ ಕೆನ್ನೆ ಹಿಡಿದು ಅಲುಗಿಸಿ ನಕ್ಕ. ಆ ಸಂತೋಷದಲ್ಲಿ ಕೌದಿ ಸುಡುವುದು ಮರೆತುಹೋಯಿತು.

ಮರುದಿನ ಒಲೆಗೆ ಕುಳ್ಳು ತರಲು ಅತ್ತಿ ಹಿತ್ತಲಿಗೆ ಹೋದಳು. ಹೋದವಳು ಬರಲಿಲ್ಲ. ಅವ್ವ ನನ್ನನ್ನು ಕಳಿಸಿದಳು. ಅತ್ತಿ ಗುಡಿಸಲ ಮುಂದೆ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು, ತೊಡೆಯ ತುಂಬ ಆ ಕೌದಿ. ಬೆರಳಿನಿಂದ ಒಂದು ಕೆಂಪು ತುಂಡನ್ನು ಸವರುತ್ತಿದ್ದಳು.

"ಗೌರಿ, ಇಲ್ಲಿ ಬಾ. ಇದು ನನ್ನ ಕೌದಿ. ಇದು ನಮ್ಮವ್ವನ ಸೆರಗು. ಇಕಾ, ಈ ಮೂಲ್ಯಾಗ ನಾನs ರೊಟ್ಟಿ ಇಟ್ಟು ಹೊಲದಿದ್ದೆ. ನೋಡು, ಇಲಿ ಕಡದಾವ."

ನೋಡಿದೆ. ಮೂಲೆ ಹರಿದು ಒಳಗಿನ ಚಿಂದಿ ಹೊರಗೆ ಬಂದಿತ್ತು.

"ಇದು ಎಲ್ಲಿಂದ ಬಂತು? ಖರೇ ಹೇಳು, ನೀವು ಎಲ್ಲಿಗೆ ಹೋಗಿದ್ರಿ?"

ಅತ್ತಿಯ ಕಣ್ಣು ನನ್ನ ಮೇಲಿತ್ತು. ಆ ಕಣ್ಣಿನಲ್ಲಿ ಹೆದರಿಕೆಯೂ ಇತ್ತು, ಆಸೆಯೂ ಇತ್ತು. ಹೆದರಿಕೆಗೆ ನಾನು ಉತ್ತರ ಕೊಟ್ಟಿದ್ದರೆ ಅವಳು ಕೌದಿಯನ್ನು ಅಲ್ಲೇ ಬಿಸಾಕಿ ಸ್ನಾನಕ್ಕೆ ಓಡುತ್ತಿದ್ದಳು. ನಾನು ಶಾಣ್ಯಾಕಿ.

"ಸಂಡೂರಿಗೆ" ಎಂದೆ.

ಅತ್ತಿ ಆ ಕೆಂಪು ತುಂಡನ್ನು ಮತ್ತೊಮ್ಮೆ ಸವರಿದಳು. ಆಮೇಲೆ ಅವಳ ಮುಖ ನಿಧಾನಕ್ಕೆ ಸಡಿಲವಾಯಿತು.

"ಹಂಗಾರ ನಮ್ಮ ನಾದಿನಿ ಒಯ್ದಿರಬೇಕು. ಆಕೀನ ಸಂಡೂರಿಗೇ ಕೊಟ್ಟಿದ್ರು. ನೋಡು, ನನಗ ಕೊಡದ ಕೌದಿ ಮಗಳಿಗೆ ಕೊಟ್ಟಾನ ಮುದುಕ!"

ಬೈದಳು, ನಕ್ಕಳು, ಕೌದಿಯನ್ನು ಮುಖಕ್ಕೆ ಒತ್ತಿಕೊಂಡಳು. ಆ ಮಧ್ಯಾಹ್ನ ಬೆಳಕಿಂಡಿಯ ಕೆಳಗೆ ಕೂತು ಹರಿದ ಮೂಲೆ ಬಿಚ್ಚಿ, ನನ್ನ ಕೈಯಿಂದ ಹೊಸ ರೊಟ್ಟಿಯ ತುಣುಕು ಇಡಿಸಿ ಹೊಲಿದಳು. ಅದನ್ನೇ ಹಾಸಿಕೊಂಡು ಮಲಗಿದಳು. ನನ್ನನ್ನೂ ಪಕ್ಕಕ್ಕೆ ಕರೆದಳು. ನಾನು ಸೆಕೆ ಎಂದು ಹೇಳಿ ಅವ್ವನ ಹತ್ತಿರ ಹೋದೆ. ಕಾರ್ತಿಕದ ಚಳಿಯಲ್ಲಿ ಯಾವ ಸೆಕೆ? ನನಗೆ ಗೊತ್ತಿತ್ತು. ಎಷ್ಟು ಗೊತ್ತಿತ್ತೆಂದು ಕೇಳಿದರೆ ಹೇಳಲಾರೆ, ಆದರೆ ಪಕ್ಕದಲ್ಲಿ ಮಲಗದಿರುವಷ್ಟು ಗೊತ್ತಿತ್ತು.

ನಾವು ಮರಳಿ ಬಂದ ಐದನೆಯ ದಿನ ಅತ್ತಿಗೆ ಚಳಿಜ್ವರ ಬಂತು. ರೊಟ್ಟಿ ತಟ್ಟುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಗೋಡೆಗೆ ಒರಗಿದಳು. ನಡುಗುತ್ತಿದ್ದವಳಿಗೆ ಅವ್ವ ಆ ಕೌದಿಯನ್ನೇ ಹೊದಿಸಿದಳು. ಅಂಗಡಿಯಿಂದ ಬಂದ ಅಪ್ಪ ಪಡಸಾಲೆಯ ಬಾಗಿಲಲ್ಲಿ ನಿಂತು ಕೌದಿಯನ್ನು ನೋಡಿದ. ಅವನು ಹಿತ್ತಲಿಗೆ ಓಡಿಹೋದದ್ದು, ಗುಡಿಸಲಿನಲ್ಲಿ ಕುಳ್ಳು ಎತ್ತಿ ಎತ್ತಿ ಎಸೆದದ್ದು, ಬರಿಗೈಯಲ್ಲಿ ಮರಳಿ ಬಂದದ್ದು ಎಲ್ಲ ನಾನು ನೋಡಿದೆ. ಅವನು ನನ್ನನ್ನು ನೋಡಿದ. ಇಬ್ಬರೂ ಬಾಯಿ ಬಿಡಲಿಲ್ಲ. ಮರುದಿನ ಅತ್ತಿಯ ತೊಡೆಯ ಸಂದಿನಲ್ಲಿ ಗಡ್ಡೆ ಎದ್ದಿತು. ನನ್ನನ್ನು ಆ ಕಡೆ ಬಿಡಲಿಲ್ಲ. ಅವಳು ಜ್ವರದಲ್ಲಿ ಮಾವನನ್ನು ಬೈಯುವುದು ಮಾತ್ರ ಅಡುಗೆಮನೆಗೆ ಕೇಳುತ್ತಿತ್ತು. "ಕೊಡು, ನನ್ನ ಕೌದಿ ಕೊಡು" ಎನ್ನುತ್ತಿದ್ದಳು, ಅದನ್ನೇ ಹೊದ್ದುಕೊಂಡು. ಎಂಟನೆಯ ದಿನ ಮುಂಜಾನೆ ಆ ದನಿಯೂ ನಿಂತಿತು.

ಅತ್ತಿಯನ್ನು ಮಣ್ಣು ಮಾಡಲು ನಾಲ್ಕು ಜನ ಸಿಗುವುದೇ ಕಷ್ಟವಾಯಿತು. ಮುನ್ಸಿಪಾಲಿಟಿಯವರು ಬಂದು ಅವಳ ಬಟ್ಟೆ, ಹಾಸಿಗೆ, ಕೌದಿ ಎಲ್ಲವನ್ನೂ ಹಿತ್ತಲಲ್ಲಿ ಸುಟ್ಟರು. ಬೆಲ್ಲದ ಕೋಣೆಯಲ್ಲಿ ಇಲಿ ಬಿದ್ದವು. ಓಣಿಯ ಒಂದೊಂದೇ ಬಾಗಿಲಿಗೆ ಡಾಂಬರಿನ ಗುರುತು ಬಂತು, ಕಂಪ್ಲಿಯ ಬೀದಿ ನಮ್ಮ ಓಣಿಗೆ ನಡೆದು ಬಂದ ಹಾಗೆ. ಯಾವ ಯಾವ ಮನೆಯಲ್ಲಿ ಯಾರು ಯಾರು ಹೋದರೆಂದು ನನಗೆ ಹೆಸರು ಸಹಿತ ನೆನಪಿದೆ. ಇಲ್ಲಿ ಬರೆಯಲು ಕೈ ಬರುವುದಿಲ್ಲ.

ನಾವು ಹಂಪಿಗೆ ಹೋದೆವು. ನಮ್ಮ ಹಾಗೆ ಊರು ಬಿಟ್ಟವರು ಹಳೆಯ ಮಂಟಪಗಳ ಕಂಬದಿಂದ ಕಂಬಕ್ಕೆ ಸೀರೆ ಕಟ್ಟಿ ಸಂಸಾರ ಹೂಡಿದ್ದರು. ಮುಂದೆ ಬಾಳೆತೋಟ, ಹಿಂದೆ ಬಂಡೆ. ಅವ್ವ ಹಂಡೆ, ಬೀಸುಕಲ್ಲು ಎಲ್ಲ ಬಿಟ್ಟು ಬಂದಿದ್ದಳು. ಅಪ್ಪ ಮಾತ್ರ ತಗಡಿನ ಪೆಟ್ಟಿಗೆಯನ್ನೂ ಸಂಡೂರಿನ ಕಾಗದಗಳೆಂಬ ಆ ಕಟ್ಟನ್ನೂ ಬಿಡದೆ ತಂದಿದ್ದ. ಅದನ್ನು ಕಂಡರೆ ಅವ್ವನಿಗೆ ಮೈ ಉರಿಯುತ್ತಿತ್ತು. ಒಂದು ಮಧ್ಯಾಹ್ನ ಕಟ್ಟಿಗೆ ಹಸಿಯಾಗಿ ಒಲೆ ಹತ್ತಲಿಲ್ಲ. ಅವಳು ಕಾಗದದ ಕಟ್ಟನ್ನು ಎಳೆದು ನನ್ನ ಮುಂದೆ ಎಸೆದು, ಹರಿದು ಒಲೆಗೆ ಹಾಕು ಎಂದಳು. ಅಪ್ಪ ಕಂಬಕ್ಕೆ ಒರಗಿ ಕೂತಿದ್ದ, ಬೇಡ ಎನ್ನಲಿಲ್ಲ.

ಅಕ್ಷರ ಕಂಡದ್ದನ್ನೆಲ್ಲ ಓದುವ ಚಟ ನನಗೆ. ಮೇಲಿನ ಹಾಳೆಯೇ ನೋಟಿನ ಅರ್ಧವನ್ನು ಮಡಿಸಿಟ್ಟಿದ್ದ ಹಾಳೆ. ನೋಟಿನ ಮೇಲಿನ ಒಂದೊಂದು ಅಕ್ಷರವನ್ನೂ ಬೆಳಕಿಗೆ ಹಿಡಿದು ಓದುವ ಅಪ್ಪ, ಅದನ್ನು ಸುತ್ತಿದ್ದ ಕಾಗದವನ್ನು ಓದಿರಲಿಲ್ಲ. ನಾನು ಎಂದಿನಂತೆ ಗಟ್ಟಿಯಾಗಿ ಓದಿದೆ:

"ಹೊಸಪೇಟೆಯ ಬೀಗರಿಗೆ ಕಂಪ್ಲಿಯಿಂದ ಶರಣು. ತಾವು ಕಳಿಸಿದ ಕಾಕಿನಾಡದ ಅರ್ಧ ನೋಟು ಮುಟ್ಟಿತು. ಇನ್ನರ್ಧ ಈಗ ಕಳಿಸಬ್ಯಾಡಿರಿ. ನಮ್ಮ ಮನೆಯಲ್ಲಿ ಇಲಿ ಬಿದ್ದಾವೆ. ಮಗ ಜ್ವರ ಬಂದು ಮಲಗಿದ್ದಾನೆ. ನಿಮ್ಮ ಮಗಳಿಗೆ ಗಾಡಿ ಕಟ್ಟಿಸಿದ್ದೇನೆ. ಉಟ್ಟ ಸೀರೆಯ ಮೇಲೆ ಕಳಿಸಿದೆನೆಂದು ಸಿಟ್ಟಾಗಬ್ಯಾಡಿರಿ. ಕೌದಿ ಕೊಡಿರೆಂದು ಭಾಳ ಅಳುತ್ತಾಳೆ. ಕೊಡುವುದಿಲ್ಲ. ಈ ಮನೆಯ ಒಂದು ಚಿಂದಿ ಸಹಿತ ನಿಮ್ಮ ಹೊಸ್ತಿಲು ದಾಟಬಾರದು. ಆಕೆ ನನ್ನನ್ನು ಬೈದರೂ ಬೈಯಲಿ, ಬದುಕಿದರೆ ಸಾಕು. ಈ ಕಾಗದ ಆಕೆಯ ಕೈಯಲ್ಲಿ ಕೊಡಬೇಕೆಂದು ಬರೆದೆ. ಬರೆದ ಮೇಲೆ ಅನಿಸಿತು, ಕಾಗದವೂ ಈ ಮನೆಯದೇ. ಇಲ್ಲೇ ಇಡುತ್ತೇನೆ."

ಒಲೆಯ ಮುಂದೆ ಅವ್ವನ ಕೈ ನಿಂತಿತು.

"ಇದು ಕಂಪ್ಲಿ ಕಾಗದ?" ಎಂದಳು.

ಅಪ್ಪ ನನ್ನ ಕಡೆ ನೋಡಿದ.

"ಆ ಕೌದಿ ಎಲ್ಲಿಂದ ಬಂತಂತ ಅಕ್ಕ ನಿನ್ನ ಕೇಳಿದ್ಲೇನು?"

"ಕೇಳಿದ್ಲು."

"ಏನಂದಿ?"

"ಸಂಡೂರು ಅಂದೆ."

ಅಪ್ಪ ಏನಾದರೂ ಹೇಳಲಿ ಎಂದು ಕಾದೆ. ಬೈಯಲಿ, ಇಲ್ಲವೇ ನಾನೇ ಹೇಳಿಸಿದ್ದು, ನಿನ್ನ ತಪ್ಪಲ್ಲ ಎನ್ನಲಿ. ಅವನು ಮುಖವನ್ನು ಕಂಬದ ಕಡೆ ತಿರುಗಿಸಿಕೊಂಡ. ಮಾತಾಡಿದವಳು ಅವ್ವ.

"ಕಾಗದಕ್ಕ ಬಿಸಿಲು ಕಾಯಿಸಿದ್ರಿ. ಅದಕ್ಕ ರೋಗ ಬರಬಾರದು ಅಂತ. ಮನಷ್ಯಾರು ಕಣ್ಣಿಗೆ ಕಾಣಲಿಲ್ಲೇನ್ರಿ ನಿಮಗ?"

ಅವತ್ತಿನಿಂದ ಹಂಪಿ ಬಿಡುವ ತನಕ ಅವ್ವ ಅವನಿಗೆ ಬಾಳೆಲೆಯಲ್ಲಿ ರೊಟ್ಟಿ ಇಟ್ಟು ಎದ್ದು ಹೋಗುತ್ತಿದ್ದಳು. ಅಪ್ಪ ಬಹಳ ವರ್ಷ ಬದುಕಿದ. ಪುಸ್ತಕವನ್ನು ಮತ್ತೆ ತೆರೆಯಲಿಲ್ಲ, ಕಾಕಿನಾಡದ ಗೆಳೆಯನ ಕಾಗದಗಳಿಗೆ ಉತ್ತರ ಬರೆಯಲಿಲ್ಲ. ಪೆಟ್ಟಿಗೆ ಈಗ ನನ್ನ ಹತ್ತಿರವಿದೆ. ಹಳೆಯ ನೋಟು ಹುಡುಕಿಕೊಂಡು ಬರುವವರು ಆಗಾಗ ಬರುತ್ತಾರೆ, ಎರಡೂ ಅರ್ಧ ನೋಡಿ ಅವರ ಕಣ್ಣು ಅಪ್ಪನ ಕಣ್ಣಿನ ಹಾಗೆ ಹೊಳೆಯುತ್ತದೆ. ಪಕ್ಕದಲ್ಲಿರುವ ಕಾಗದವನ್ನು ಅವರೂ ಓದುವುದಿಲ್ಲ. ನಾನೇ ಓದಿ ಹೇಳುತ್ತೇನೆ, ಕೇಳಿದರೂ ಸರಿ, ಕೇಳದಿದ್ದರೂ ಸರಿ. ಎರಡು ಅರ್ಧವನ್ನು ಅಂಟಿಸಿಲ್ಲ.

ಬೇಸಿಗೆಗೆ ರೋಗ ಇಳಿದ ಮೇಲೆ ಹೊಸಪೇಟೆಗೆ ಮರಳಿದೆವು. ಸುಣ್ಣ ಬಳಿದ ಮನೆಗೆ ಕಾಲಿಡುವ ಮೊದಲು ಮೂವರೂ ಅತ್ತಿಯನ್ನು ಮಣ್ಣು ಮಾಡಿದ ಜಾಗಕ್ಕೆ ಹೋದೆವು. ಮಣ್ಣು ಇನ್ನೂ ಕುಸಿದಿರಲಿಲ್ಲ. ಅವ್ವ ವಿಭೂತಿ ಇಟ್ಟು ಹಾಲು ಹಾಕಿದಳು. ಅಪ್ಪ ರುಮಾಲು ತೆಗೆದು ಕೈಯಲ್ಲಿ ಹಿಡಿದು ನಮ್ಮ ಹಿಂದೆ ನಿಂತಿದ್ದ. ನಾನು ಮೊಣಕಾಲೂರಿ ಕೂತೆ. ತಿಂಗಳುಗಟ್ಟಲೆ ಗಂಟಲಿನಲ್ಲಿದ್ದದ್ದು ಬಾಯಿಗೆ ಬಂತು. ಪಿಸುಗುಟ್ಟಬೇಕೆಂದಿದ್ದೆ, ಮಣ್ಣಿನ ಕೆಳಗೆ ಕೇಳಿಸಲಿಕ್ಕಿಲ್ಲ ಎಂದು ಗಟ್ಟಿಯಾಗಿಯೇ ಹೇಳಿದೆ.

"ಅತ್ತಿ, ಕಂಪ್ಲಿಗೆ ಹೋಗಿದ್ವಿ. ಸಂಡೂರಿಗಲ್ಲ. ಕಂಪ್ಲಿಗೆ."